ದೀಪದ ಬೆಳಕಿಗೆ ಹಳೆಯ ಮಸೂರವೋ, ಹೊಸದೋ?

ಹಿರಿಯರು ಮನೆಯಲ್ಲಿ ಬಿಟ್ಟುಹೋದ ವಸ್ತುಗಳಲ್ಲಿ ಕೆಲವು ಇಂದಿಗೂ ದುಡಿಯುತ್ತವೆ. ಕೆಲವು ನೆನಪಿಗೆಂದು ಪೆಟ್ಟಿಗೆಯನ್ನು ಸೇರುತ್ತವೆ. ಬೀಸುವ ಕಲ್ಲು, ಹಿತ್ತಾಳೆಯ ಕೊಡ, ಗೋಡೆಯ ಗಡಿಯಾರ ಇವುಗಳ ವಿಷಯದಲ್ಲಿ ಗೃಹಸ್ಥನು ಹೆಚ್ಚು ಯೋಚಿಸಬೇಕಾಗಿಲ್ಲ. ಆದರೆ ಅಜ್ಜನ ಕಾಲದ ಕ್ಯಾಮರಾ ಒಂದು ಮನೆಯಲ್ಲಿದ್ದರೆ ಅದರ ಸುತ್ತ ಚರ್ಚೆ ಹುಟ್ಟದೆ ಇರದು. ಅದರ ಕಣ್ಣಾದ ಮಸೂರವನ್ನು ಶುಚಿಮಾಡಿಸಿ ಉಪಯೋಗಿಸಬೇಕೆ? ಇಲ್ಲವೆ ಅದನ್ನು ತೆಗೆದಿಟ್ಟು ಹೊಸ ಮಸೂರವೊಂದನ್ನು ಕೊಂಡು ತೊಡಿಸಬೇಕೆ? ಹಳೆಯದರಲ್ಲಿ ಏನೋ ಒಂದು ಸೊಬಗಿದೆಯೆಂದು ಒಬ್ಬರು ಹೇಳುವರು. ಹೊಸದರಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣುವುದೆಂದು ಇನ್ನೊಬ್ಬರು ಹೇಳುವರು. ಇಬ್ಬರ ಮಾತಿನಲ್ಲಿಯೂ ನಿಜವಿರುವುದರಿಂದಲೇ ಚರ್ಚೆ ಮುಗಿಯುವುದಿಲ್ಲ.

ಮರಿಯಮ್ಮನಹಳ್ಳಿಯಲ್ಲಿರುವ ನಮ್ಮ ಮಿತ್ರರೊಬ್ಬರು ಇದೇ ಪ್ರಶ್ನೆಯನ್ನು ಕೇಳಿ ನಮಗೆ ಪತ್ರ ಬರೆದಿದ್ದರು. ಅವರು ನಿವೃತ್ತರಾದ ಉಪಾಧ್ಯಾಯರು. ಅವರ ತಂದೆಯವರು 1952ರಲ್ಲಿ, ಬಳ್ಳಾರಿ ಸೀಮೆಯು ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದಾಗ, ಮದರಾಸಿನಲ್ಲಿ ಒಂದು ಲೈಕಾ ಕ್ಯಾಮರಾವನ್ನು ಕೊಂಡಿದ್ದರು. ಅದಕ್ಕೆ ತೊಡಿಸಿದ್ದುದು ಸುಮ್ಮರಿಟ್ ಎಂಬ ಹೆಸರಿನ, ಎಫ್ 1.5 ಅಳತೆಯ ಮಸೂರ. ಮಿತ್ರರ ತಾಯಿಯವರಿಗೆ ಈಗ ಎಂಬತ್ತು ದಾಟಿದೆ. ಹರೆಯದಲ್ಲಿ ಅವರು ನಾಟಕಗಳಲ್ಲಿ ಪಾತ್ರ ವಹಿಸಿದವರು. ಈಗಲೂ ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕುಳಿತು ರಂಗಗೀತೆಗಳನ್ನು ಹಾಡುವುದುಂಟು. ಹಾಡುವಾಗಿನ ಆ ಮುಖವನ್ನು ಒಂದು ಚಿತ್ರದಲ್ಲಿ ಉಳಿಸಿಕೊಳ್ಳಬೇಕೆಂಬುದು ಮನೆಯವರ ಆಸೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಆ ತಾಯಿಗೆ ಫ್ಲ್ಯಾಶಿನ ಬೆಳಕು ಸಹಿಸುವುದಿಲ್ಲ. ಮೊಮ್ಮಗಳು ಹೊಸ ಮಸೂರ ಕೊಳ್ಳೋಣವೆಂದಳು; ಮಗ ಅಪ್ಪನ ಮಸೂರವೇ ಇರುವಾಗ ಬೇರೆ ಏಕೆ ಎಂದರು. ನಮ್ಮ ಅಭಿಪ್ರಾಯವನ್ನು ಕೇಳಿದ್ದರು. ಪತ್ರದಲ್ಲಿ ಉತ್ತರಿಸುವುದಕ್ಕಿಂತ ಹೋಗಿ ನೋಡುವುದೇ ಲೇಸೆಂದು ನಾವು ಹೊರಟೆವು.

ಮರಿಯಮ್ಮನಹಳ್ಳಿಯು ಹೊಸಪೇಟೆಯಿಂದ ದಕ್ಷಿಣಕ್ಕೆ, ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯ ಮೇಲಿದೆ. ಒಂದು ಕಡೆ ತುಂಗಭದ್ರೆಯ ಹಿನ್ನೀರು, ಇನ್ನೊಂದು ಕಡೆ ಸಂಡೂರಿನ ಅದಿರಿನ ಗುಡ್ಡಗಳ ಸೀಮೆ. ಊರು ಚಿಕ್ಕದಾದರೂ ಕಲೆಯ ವಿಷಯದಲ್ಲಿ ದೊಡ್ಡ ಹೆಸರು ಪಡೆದಿದೆ. ರಂಗಕಲಾವಿದೆ ಕೆ. ನಾಗರತ್ನಮ್ಮನವರು ಈ ಊರಿನವರು. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯವನ್ನು ದೇಶಕ್ಕೆಲ್ಲ ತೋರಿಸಿಕೊಟ್ಟ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರೂ ಬಾಳು ಕಟ್ಟಿಕೊಂಡದ್ದು ಇಲ್ಲಿಯೇ. ಇಂತಹ ಊರಿನಲ್ಲಿ ನೋಡತಕ್ಕ ಸಂಗತಿಗಳು ಹೆಚ್ಚಾಗಿ ನಡೆಯುವುದು ಹೊತ್ತು ಮುಳುಗಿದ ಮೇಲೆ. ಆದುದರಿಂದ ಬೆಳಕು ಕಡಿಮೆಯಾದಾಗ ಚಿತ್ರ ತೆಗೆಯುವುದು ಹೇಗೆಂಬ ಪ್ರಶ್ನೆ ಇಲ್ಲಿ ಬರಿಯ ಹವ್ಯಾಸದ ಪ್ರಶ್ನೆಯಲ್ಲ.

ಮೊದಲು ಈ ಕ್ಯಾಮರಾದ ರೀತಿಯನ್ನು ವಾಚಕರಿಗೆ ತಿಳಿಸಬೇಕು. ಇದನ್ನು ರೇಂಜ್‌ಫೈಂಡರ್ ಎಂದು ಕರೆಯುತ್ತಾರೆ. ದೂರವನ್ನು ಅಳೆಯುವ ಸಾಧನವುಳ್ಳದ್ದು ಎಂದು ಅರ್ಥ. ಚಿತ್ರ ತೆಗೆಯುವವನು ಮಸೂರದ ಮೂಲಕ ನೋಡುವುದಿಲ್ಲ. ಕ್ಯಾಮರಾದ ಮೇಲ್ಭಾಗದಲ್ಲಿ ಒಂದಕ್ಕೊಂದು ಸ್ವಲ್ಪ ದೂರದಲ್ಲಿ ಎರಡು ಸಣ್ಣ ಕಿಂಡಿಗಳಿವೆ. ಎರಡರಿಂದಲೂ ಬಂದ ಬಿಂಬಗಳು ಒಂದೇ ಕಡೆ ಜೋಡಿಯಾಗಿ ಕಾಣುತ್ತವೆ. ಮಸೂರದ ಬಳೆಯನ್ನು ತಿರುಗಿಸುತ್ತ ಹೋದರೆ ಅವು ಹತ್ತಿರ ಸರಿದು ಒಂದರ ಮೇಲೊಂದು ಕೂಡುತ್ತವೆ. ಕೂಡಿದಾಗ ದೂರ ಸರಿಹೊಂದಿತೆಂದು ತಿಳಿಯತಕ್ಕದ್ದು. ಲೈಕಾ ಕ್ಯಾಮರಾವು 1925ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದ ಜಾತ್ರೆಯಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದಿತು. ದೂರಮಾಪಕವನ್ನು ಮಸೂರಕ್ಕೇ ಜೋಡಿಸಿದ ಕ್ಯಾಮರಾಗಳು, ಎಂದರೆ ಎರಡನೆಯ ಲೈಕಾ ಮತ್ತು ಕಾಂಟ್ಯಾಕ್ಸ್, 1932ರಲ್ಲಿ ಬಂದವು.

ಈ ರೀತಿಯಲ್ಲಿ ಗುಣವೂ ಉಂಟು, ಅಪಾಯವೂ ಉಂಟು. ಮಬ್ಬು ಬೆಳಕಿನಲ್ಲಿಯೂ ಎರಡು ಬಿಂಬಗಳನ್ನು ಕೂಡಿಸುವುದು ಕಷ್ಟವಲ್ಲ. ಸದ್ದೂ ಕಡಿಮೆ, ಆದುದರಿಂದ ಹಾಡುವವರು ಬೆಚ್ಚುವುದಿಲ್ಲ. ಅಪಾಯವೇನೆಂದರೆ, ಮಸೂರದ ಮೂಲಕ ನಾವು ನೋಡದೆ ಇರುವುದರಿಂದ ಅದರ ದೋಷ ನಮಗೆ ಆಗಲೇ ಕಾಣುವುದಿಲ್ಲ. ಮಸೂರದೊಳಗೆ ಮಬ್ಬು ಕವಿದಿದ್ದರೂ, ಅದರ ಅಳತೆ ಕ್ಯಾಮರಾದ ಅಳತೆಗೆ ಹೊಂದದೆ ಇದ್ದರೂ, ಕಿಂಡಿಯಲ್ಲಿ ಎಲ್ಲವೂ ಸರಿಯಾಗಿಯೇ ತೋರುವುದು. ರೀಲು ತೊಳೆಸಿ ಬಂದ ಮೇಲೆಯೇ ನಿಜ ತಿಳಿಯುವುದು. ಹಳೆಯದೋ ಹೊಸದೋ ಎಂದು ಆರಿಸುವವರು ಈ ಮಾತನ್ನು ಮರೆಯಬಾರದು.

ಇನ್ನು, ವೇಗದ ಮಸೂರವೆಂದರೇನು? ಹಂಪೆಯನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆಯ ಕೋಣೆಯೊಂದರಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಯಾತ್ರಿಕರು ಬೆರಗಿನಿಂದ ನೋಡುತ್ತಾರೆ. ಅಲ್ಲಿ ಮಸೂರವಿಲ್ಲ, ಗೋಡೆಯಲ್ಲಿ ಒಂದು ಕಿಂಡಿ ಮಾತ್ರ ಇದೆ. ಬೆಳಕು ನೇರವಾಗಿ ಹರಿಯುವುದರಿಂದ ಗೋಪುರದ ತುದಿಯಿಂದ ಬಂದದ್ದು ಕೆಳಗೂ, ಬುಡದಿಂದ ಬಂದದ್ದು ಮೇಲೂ ಬಿದ್ದು ಚಿತ್ರ ತಿರುವುಮುರುವಾಗುತ್ತದೆ. ಆ ಚಿತ್ರ ಮಂದವಾಗಿರುವುದೇಕೆ? ಕಿಂಡಿ ಚಿಕ್ಕದು. ಕಿಂಡಿಯನ್ನು ದೊಡ್ಡದು ಮಾಡಿದರೆ ಬೆಳಕು ಹೆಚ್ಚುವುದು, ಆದರೆ ಚಿತ್ರದ ಅಂಚುಗಳು ಕಲಸಿಹೋಗುವುವು. ಕಿಂಡಿಯೂ ದೊಡ್ಡದಿರಬೇಕು, ಚಿತ್ರವೂ ಕಲಸಬಾರದು ಎಂದರೆ ಅಲ್ಲಿ ಗಾಜು ಬೇಕು. ಮಸೂರದ ಕೆಲಸ ಇದೇ. ದೊಡ್ಡ ಕಿಂಡಿಯಿಂದ ಬಂದ ಬೆಳಕನ್ನೆಲ್ಲ ಅದು ಒಂದೇ ಬಿಂದುವಿಗೆ ತಂದು ಕೂಡಿಸುತ್ತದೆ.

ಎಫ್ ಎಂಬ ಅಂಕಿಯ ಲೆಕ್ಕವೂ ಸರಳ. ಮಸೂರದ ನಾಭಿದೂರವನ್ನು ಅದರ ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 50 ಮಿಲಿಮೀಟರಿನ ಮಸೂರದಲ್ಲಿ ಕಿಂಡಿ 25 ಮಿಲಿಮೀಟರು ಇದ್ದರೆ ಎಫ್ 2. ಸುಮಾರು 33 ಇದ್ದರೆ ಎಫ್ 1.5. ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಮೊದಲ ಲೈಕಾಗಳ ಎಲ್ಮಾರ್ ಮಸೂರವು ಎಫ್ 3.5 ಆಗಿತ್ತು. ಅದಕ್ಕಿಂತ ಎಫ್ 1.5 ಐದು ಪಟ್ಟಿಗೂ ಮಿಗಿಲಾದ ಬೆಳಕನ್ನು ಒಳಗೆ ಬಿಡುವುದು. ಸಾಧಾರಣವಾದ ಮನೆಯ ದೀಪದ ಬೆಳಕಿನಲ್ಲಿ, 400 ವೇಗದ ರೀಲಿನ ಮೇಲೆ, ಎಫ್ 3.5ಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಬೇಕಾದರೆ ಎಫ್ 1.5ಕ್ಕೆ ಐವತ್ತನೆಯ ಒಂದು ಭಾಗ ಸಾಕು. ಹತ್ತನೆಯ ಭಾಗದಲ್ಲಿ ಹಾಡುವವರ ತುಟಿ ಅಲುಗಿ ಹೋಗಿರುತ್ತದೆ. ಐವತ್ತನೆಯ ಭಾಗದಲ್ಲಿ ನಿಲ್ಲುತ್ತದೆ. ಬೇಗ ಚಿತ್ರ ತೆಗೆಯಲು ಅವಕಾಶ ಕೊಡುವುದರಿಂದ ಇದಕ್ಕೆ ವೇಗದ ಮಸೂರವೆಂದು ಹೆಸರು.

ಇಲ್ಲಿ ಒಂದು ಪ್ರಶ್ನೆ ಬರುವುದು. ಹಂಪೆಯಂತಹ ಜಾಗವು ಸಮೀಪದಲ್ಲಿರುವವರಿಗೆ ಇಂತಹ ಮಸೂರದ ಅಗತ್ಯವೆಷ್ಟು? ಹಂಪೆಯ ಕಲ್ಲುಗಳಿಗಾದರೆ ಏನೂ ಇಲ್ಲವೆಂದೇ ಹೇಳಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಮದರಾಸು ಸೇನೆಯ ಅಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಗುಡಿಗೋಪುರಗಳ ಚಿತ್ರಗಳನ್ನು ತೆಗೆದನು. ಆ ಕಾಗದವು ಬೆಳಕನ್ನು ಹಿಡಿಯುವುದರಲ್ಲಿ ಬಹಳ ನಿಧಾನ. ಕ್ಯಾಮರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಬಹು ಹೊತ್ತು ಕಾಯಬೇಕಾಗಿತ್ತು. ಆದರೂ ಕಲ್ಲಿನ ರಥವಾಗಲಿ ಕಂಬಗಳಾಗಲಿ ಅಲುಗಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತ ಸ್ಥಳಗಳಲ್ಲಿಯೇ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದನು. ನೂರಿಪ್ಪತ್ತೇಳು ವರ್ಷಗಳ ಅಂತರದ ಆ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದಾಗಿದೆ. ಕಲ್ಲಿಗೆ ತಾಳ್ಮೆ ಉಂಟು. ಅದು ನಿಧಾನದ ಮಸೂರಕ್ಕಾಗಿಯೂ ಕಾಯುತ್ತದೆ, ಮುಂದಿನ ಶತಮಾನದ ಛಾಯಾಚಿತ್ರಕಾರನಿಗಾಗಿಯೂ ಕಾಯುತ್ತದೆ. ಮನುಷ್ಯನ ಮುಖಕ್ಕೆ ಆ ತಾಳ್ಮೆ ಇಲ್ಲ. ಆದುದರಿಂದ ವೇಗದ ಮಸೂರ ಬೇಕಾಗುವುದು ಕಲ್ಲಿಗಲ್ಲ, ದೀಪದ ಎದುರಿಗೆ ಕುಳಿತ ಮನುಷ್ಯನಿಗೆ. ಯಾವ ಮಸೂರವೆಂದು ಆರಿಸುವಾಗಲೂ ಆ ಮನುಷ್ಯನೇ ನಮ್ಮ ಎಣಿಕೆಯಲ್ಲಿ ಮೊದಲಿಗನಾಗಿರಬೇಕು.

ಹಳೆಯ ವೇಗದ ಮಸೂರಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅದು ಪ್ರತಿಫಲನದೊಡನೆ ಮಾಡಿದ ಹೋರಾಟದ ಚರಿತ್ರೆ. ಗಾಜಿನ ಪ್ರತಿಯೊಂದು ಮೈಯೂ ತನಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಕಿಂಡಿ ದೊಡ್ಡದಾದಂತೆ ದೋಷಗಳನ್ನು ತಿದ್ದಲು ಗಾಜುಗಳನ್ನು ಹೆಚ್ಚಿಸಬೇಕು. ಹೆಚ್ಚಿಸಿದಂತೆ ಹಿಂದಕ್ಕೆಸೆದ ಬೆಳಕು ಒಳಗೇ ಸುತ್ತಾಡಿ ಚಿತ್ರದ ಮೇಲೆ ಹಾಲು ಚೆಲ್ಲಿದಂತೆ ಬಿಳುಪನ್ನು ಹರಡುವುದು. ಝೈಸ್ ಕಾರ್ಖಾನೆಯ ಲುಡ್ವಿಗ್ ಬೆರ್ಟೆಲೆ 1932ರ ಸುಮಾರಿಗೆ ಕಾಂಟ್ಯಾಕ್ಸಿಗಾಗಿ ರಚಿಸಿದ ಸೊನಾರ್ ಎಫ್ 1.5 ಮಸೂರದಲ್ಲಿ ಏಳು ಗಾಜುಗಳನ್ನು ಮೂರೇ ಗುಂಪುಗಳಾಗಿ ಅಂಟಿಸಿ, ಗಾಳಿಗೆ ತಾಗುವ ಮೈಗಳನ್ನು ಆರಕ್ಕೆ ಇಳಿಸಿದನು. ಲೈಕಾದವರ ಅದೇ ಅಳತೆಯ ಮಸೂರದಲ್ಲಿ ಅಂತಹ ಮೈಗಳು ಹತ್ತು. ಲೇಪವಿಲ್ಲದ ಕಾಲದಲ್ಲಿ ಆರು ಮೈಗಳ ಮಸೂರ ಸುಮಾರು ಐದರಲ್ಲೊಂದು ಪಾಲು ಬೆಳಕನ್ನು ಕಳೆದರೆ, ಹತ್ತು ಮೈಗಳದು ಮೂರರಲ್ಲೊಂದು ಪಾಲನ್ನು ಕಳೆಯುತ್ತಿತ್ತು. 1935ರಲ್ಲಿ ಝೈಸಿನ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ಅತಿ ತೆಳುವಾದ ಲೇಪವನ್ನು ಕೂಡಿಸಿ ಈ ಪ್ರತಿಫಲನವನ್ನು ತಗ್ಗಿಸುವ ಉಪಾಯವನ್ನು ಕಂಡುಹಿಡಿದನು. ಮಹಾಯುದ್ಧದ ತರುವಾಯ ಅದು ಎಲ್ಲೆಡೆಯೂ ಬಳಕೆಗೆ ಬಂದಿತು.

1949ರಿಂದ ಬಂದ ಸುಮ್ಮರಿಟ್ ಈ ಲೇಪವುಳ್ಳದ್ದು. ಆದರೆ ಅಂದಿನ ಲೇಪ ಮೃದು; ಒರಟು ಬಟ್ಟೆಯಿಂದ ಒರೆಸಿದರೆ ಕೂದಲೆಳೆಯಂತಹ ಗೀರುಗಳು ಬೀಳುತ್ತವೆ. ಬಳಿಕ ಜಪಾನಿನವರು ಸ್ಪರ್ಧೆಗೆ ಇಳಿದರು. 1950ರಲ್ಲಿ ನಿಕ್ಕರ್ ಎಫ್ 1.4, 1956ರಲ್ಲಿ ಕ್ಯಾನನ್ ಎಫ್ 1.2, 1961ರಲ್ಲಿ ಅದೇ ಕ್ಯಾನನ್ನಿನ ಎಫ್ 0.95 ಬಂದವು. ರಷ್ಯದಲ್ಲಿ ಸೊನಾರಿನ ಮಾದರಿಯಲ್ಲಿ ಜೂಪಿಟರ್ ಎಂಬ ಮಸೂರಗಳು ತಯಾರಾದವು. ಇವೆಲ್ಲವೂ ಇಂದು ಹಳೆಯ ಸಾಮಾನಿನ ಮಾರಾಟದಲ್ಲಿ ಕಾಣಸಿಗುತ್ತವೆ.

ಹೊಸ ಮಸೂರಗಳಲ್ಲಿ ಬದಲಾದುದೇನು? ಮುಖ್ಯವಾಗಿ ಎರಡು. ಒಂದು, ಒಂದೇ ಪದರದ ಲೇಪಕ್ಕೆ ಬದಲಾಗಿ ಹಲವು ಪದರಗಳ ಗಟ್ಟಿಯಾದ ಲೇಪ. ಎರಡು, ಗೋಳದ ತುಂಡಿನಂತಿರದೆ ಅಂಚಿನ ಕಡೆಗೆ ಬಾಗು ಬದಲಾಗುವ ಗಾಜು. ಸಾಮಾನ್ಯ ಗೋಳಾಕಾರದ ಗಾಜಿನಲ್ಲಿ ನಡುವಿನಿಂದ ಬಂದ ಕಿರಣಗಳೂ ಅಂಚಿನಿಂದ ಬಂದವೂ ಒಂದೇ ಕಡೆ ಕೂಡುವುದಿಲ್ಲ. ಕಿಂಡಿಯನ್ನು ಪೂರ್ತಿ ತೆರೆದಾಗ ಹಳೆಯ ಮಸೂರಗಳ ಚಿತ್ರದಲ್ಲಿ ಮುಖದ ಸುತ್ತ ಮಂಜಿನಂತಹ ಕಾಂತಿ ಕಾಣುವುದು ಇದರಿಂದಲೇ. ಅದನ್ನೇ ಕೆಲವರು ಸೊಬಗೆಂದು ಮೆಚ್ಚುವರು. ಬಾಗು ಬದಲಾಗುವ ಗಾಜು ಈ ದೋಷವನ್ನು ಬಹುಮಟ್ಟಿಗೆ ನೀಗುತ್ತದೆ. 1966ರ ಲೈಕಾ ನಾಕ್ಟಿಲಕ್ಸ್ ಎಫ್ 1.2ರಲ್ಲಿ ಇಂತಹ ಗಾಜನ್ನು ಕೈಯಿಂದ ಉಜ್ಜಿ ಮಾಡಬೇಕಾಗಿದ್ದುದರಿಂದ ಅದು ಸಿರಿವಂತರ ಸ್ವತ್ತಾಯಿತು. ಮುಂದೆ ಅಚ್ಚಿನಲ್ಲಿ ಒತ್ತಿ ಮಾಡುವ ಕ್ರಮ ಬಂದು ಬೆಲೆ ಇಳಿಯಿತು. 1999ರಲ್ಲಿ ಜಪಾನಿನ ಕೊಸಿನಾ ಸಂಸ್ಥೆಯು ಫೋಕ್ಟ್‌ಲೆಂಡರ್ ಎಂಬ ಹಳೆಯ ಹೆಸರಿನಲ್ಲಿ ನೊಕ್ಟನ್ ಎಫ್ 1.5 ಎಂಬ ಮಸೂರವನ್ನು ಹೊರತಂದಿತು. ಹಳೆಯ ಲೈಕಾದ ತಿರುಪಿಗೇ ಕೂಡುವಂತೆ ಅದನ್ನು ಮಾಡಿದ್ದರು. ಅರ್ಧ ಶತಮಾನದ ಹಿಂದಿನ ಕ್ಯಾಮರಾಕ್ಕೆ ಹೊಸ ಕಣ್ಣು ಕೊಡುವ ಅವಕಾಶ ಹೀಗೆ ಒದಗಿತು.

ನಾವು ಮರಿಯಮ್ಮನಹಳ್ಳಿಗೆ ಹೋಗುವಾಗ ಬೆಂಗಳೂರಿನ ಸ್ನೇಹಿತರೊಬ್ಬರಿಂದ ಆ ನೊಕ್ಟನ್ ಮಸೂರವನ್ನು ಎರವಲು ಪಡೆದು ಒಯ್ದಿದ್ದೆವು. ಒಂದೇ ಕ್ಯಾಮರಾ, ಒಂದೇ ಬೆಳಕು, ಒಂದೇ ಅಳತೆಯ ಎರಡು ಮಸೂರಗಳು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಂದರ್ಭವಿರದು.

ಸಂಜೆ ಏಳರ ಹೊತ್ತಿಗೆ ಆ ತಾಯಿಯವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. ಎಡಗಡೆ ಎಣ್ಣೆಯ ದೀಪ, ಮೇಲುಗಡೆ ವಿದ್ಯುತ್ತಿನ ಒಂದು ಚಿಕ್ಕ ಬಲ್ಬು. ನಮ್ಮನ್ನು ಕಂಡು ಮೊದಲು ಅವರು ಕೇಳಿದ್ದು ಒಂದೇ ಮಾತು: “ಆ ಮಿಂಚು ಮಾತ್ರ ಬ್ಯಾಡಪ್ಪ. ಕಣ್ಣಾಗ ಬೆಂಕಿ ಬಿದ್ದಂಗ ಆಗ್ತೈತಿ.” ಮಿಂಚಿಲ್ಲವೆಂದು ನಾವು ಮಾತು ಕೊಟ್ಟೆವು. ಅವರು ದನಿ ತೆಗೆದರು. ಎಂಬತ್ತರ ಮೇಲಿನ ಆ ದನಿಯಲ್ಲಿ ನಡುಕವಿದ್ದಿತು. ಆದರೆ ಕೈ ಎತ್ತಿದಾಗ, ಹುಬ್ಬು ಕುಣಿಸಿದಾಗ, ರಂಗದ ಮೇಲೆ ನಿಂತ ಹೆಣ್ಣೇ ಎದುರಿಗೆ ಬಂದಂತಾಯಿತು. ಮೊದಲು ಸುಮ್ಮರಿಟ್ ತೊಡಿಸಿ ಹದಿನೈದು ಚಿತ್ರಗಳನ್ನೂ, ಬಳಿಕ ನೊಕ್ಟನ್ ತೊಡಿಸಿ ಅಷ್ಟೇ ಚಿತ್ರಗಳನ್ನೂ ತೆಗೆದೆವು.

ಮರುದಿನ ಬೆಂಗಳೂರಿಗೆ ಬಂದು ರೀಲನ್ನು ತೊಳೆಸಿ ನೋಡಿದಾಗ ನಮ್ಮ ತಪ್ಪು ನಮಗೆ ತಿಳಿಯಿತು. ಸುಮ್ಮರಿಟ್ಟಿನ ಹದಿನೈದು ಚಿತ್ರಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ದೀಪದ ಜ್ವಾಲೆ ಉಬ್ಬಿ, ಅದರ ಬಿಳುಪು ಅರ್ಧ ಮುಖವನ್ನು ನುಂಗಿತ್ತು. ಉಳಿದರ್ಧದಲ್ಲಿ ಸೀರೆಯ ಸೆರಗು ನಿಚ್ಚಳ, ಕಣ್ಣು ಮಸಕು. ದೋಷ ಮಸೂರದ ಜಾತಿಯದಲ್ಲ, ನಮ್ಮದು. ಎಷ್ಟೋ ವರ್ಷ ಚರ್ಮದ ಚೀಲದಲ್ಲಿದ್ದ ಮಸೂರದೊಳಗೆ ಮಬ್ಬು ಕಟ್ಟಿದೆಯೇ ಎಂದು ಟಾರ್ಚು ಹಿಡಿದು ನೋಡುವ ಕೆಲಸವನ್ನೂ ಮಾಡದೆ, ದೂರಮಾಪಕ ಸರಿಯಿದೆಯೇ ಎಂದು ಒಂದು ರೀಲು ಪರೀಕ್ಷಿಸುವ ಕೆಲಸವನ್ನೂ ಮಾಡದೆ, ಹಿರಿಯರ ವಸ್ತುವೆಂಬ ಗೌರವದಿಂದ ನಂಬಿದ್ದೆವು. ನೊಕ್ಟನ್ನಿನ ಚಿತ್ರಗಳಲ್ಲಿ ದೀಪವು ದೀಪವಾಗಿಯೇ ಇದ್ದಿತು, ಕತ್ತಲೆ ಕತ್ತಲೆಯಾಗಿಯೇ ಇದ್ದಿತು. ಆದರೆ ಅವುಗಳಲ್ಲಿಯೂ ಕಣ್ಣು ನಿಚ್ಚಳವಾಗಿದ್ದವು ಮೂರು ಮಾತ್ರ.

ಹಾಗಾದುದೇಕೆ? ದೂರಮಾಪಕದ ಸಣ್ಣ ತಪ್ಪು ಒಂದು ಕಾರಣ, ಲೆಕ್ಕ ಮತ್ತೊಂದು. 50 ಮಿಲಿಮೀಟರಿನ ಮಸೂರವನ್ನು ಎಫ್ 1.5ರಲ್ಲಿ ತೆರೆದು, ನಾಲ್ಕು ಅಡಿ ದೂರದಲ್ಲಿ ಕುಳಿತವರ ಚಿತ್ರ ತೆಗೆದರೆ, ನಿಚ್ಚಳವಾಗಿ ಬರುವ ಆಳ ಸುಮಾರು ಐದು ಸೆಂಟಿಮೀಟರು. ಕಣ್ಣಿಗೆ ಸರಿಮಾಡಿದರೆ ಕಿವಿಯ ಓಲೆ ಮಸಕಾಗುವುದು. ಹಾಡುವವರು ಒಂದು ಗೇಣು ಮುಂದೆ ಬಾಗಿದರೆ ಎಲ್ಲವೂ ಮಸಕು. ಮೂರು ಅಡಿಯ ಸಮೀಪದಲ್ಲಿ ಎಫ್ 1ರ ಮಸೂರವನ್ನು ಪೂರ್ತಿ ತೆರೆದರೆ ಆ ಆಳ ಎರಡು ಸೆಂಟಿಮೀಟರಿಗೆ ಇಳಿಯುತ್ತದೆ. ಬೆಳಕು ಹೆಚ್ಚು ಕೊಡುವ ಮಸೂರ ತಪ್ಪಿಗೆ ಜಾಗವನ್ನು ಕಡಿಮೆ ಮಾಡುತ್ತದೆ. ಆದುದರಿಂದ ಎಫ್ 1.5ಕ್ಕಿಂತ ದೊಡ್ಡ ಕಿಂಡಿಯ ಮಸೂರಕ್ಕೆ ಹಣ ಸುರಿಯುವುದು ಗೃಹಸ್ಥರಿಗೆ ತಕ್ಕುದಲ್ಲವೆಂದು ನಮ್ಮ ಮತ. ಎರಡನೆಯ ಬಾರಿ ನಾವು ಕೈಕೊಂಡ ಉಪಾಯ ಸರಳವಾದುದು. ನಾಲ್ಕು ಅಡಿಗೆ ಬದಲಾಗಿ ಆರು ಅಡಿ ದೂರ ಕುಳಿತು, ಎಫ್ 2ಕ್ಕೆ ಇಳಿಸಿದೆವು. ದೀಪವನ್ನು ಅರ್ಧ ಮಾರು ಮುಂದಕ್ಕೆ ತಂದಿಟ್ಟೆವು. ನಿಚ್ಚಳದ ಆಳ ಹದಿನೈದು ಸೆಂಟಿಮೀಟರಿಗೆ ಮಿಗಿಲಾಯಿತು. ದೀಪವನ್ನು ಸರಿಸುವುದಕ್ಕೆ ದುಡ್ಡು ಬೇಡ.

ಆದರೆ ಆ ಎರಡನೆಯ ಬಾರಿ ಬಂದದ್ದು ಎರಡು ತಿಂಗಳ ಮೇಲೆ. ಸುಮ್ಮರಿಟ್ಟನ್ನೂ ಕ್ಯಾಮರಾವನ್ನೂ ರಿಪೇರಿಗೆ ಕೊಟ್ಟಿದ್ದೆವು. ಅಷ್ಟರಲ್ಲಿ ಆ ತಾಯಿಗೆ ಜ್ವರ ಬಂದು, ಹಾಸಿಗೆ ಹಿಡಿದು, ಎದ್ದರೂ ದನಿ ಮೊದಲಿನಂತೆ ಏಳಲಿಲ್ಲ. ನಾವು ಹೋದಾಗ ಅವರು ಹಾಡಲಿಲ್ಲ. ಮೊಮ್ಮಗಳು ಹಾಡಿದಳು, ಅವರು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಶುಚಿಯಾದ ಸುಮ್ಮರಿಟ್ ಈ ಸಲ ಒಳ್ಳೆಯ ಕೆಲಸ ಮಾಡಿತು. ಮುಖದ ಸುಕ್ಕುಗಳನ್ನು ಅದು ಮೆದುವಾಗಿ ಬರೆಯಿತು, ದೀಪದ ಸುತ್ತ ತೆಳುವಾದ ಕಾಂತಿಯನ್ನು ಉಳಿಸಿತು. ನಮ್ಮ ಮಿತ್ರರು ಆ ಚಿತ್ರವನ್ನು ಕಂಡು, “ಅವ್ವ ಅಪ್ಪನ ಕಣ್ಣಿಗೆ ಹಿಂಗೇ ಕಂಡಿರಬೇಕು” ಎಂದರು. ಮೊಮ್ಮಗಳು ಮಾತ್ರ ಮೊದಲ ದಿನದ ಮೂರು ಚಿತ್ರಗಳನ್ನು ಬಿಡಲಿಲ್ಲ. ಅವುಗಳಲ್ಲಿ ಅಜ್ಜಿಯು ಹಾಡುತ್ತಿದ್ದರು. ಆ ದಿನ ಹೊಸ ಮಸೂರ ನಮ್ಮ ಚೀಲದಲ್ಲಿರದಿದ್ದರೆ ಆ ಹಾಡಿನ ಗುರುತು ಆ ಮನೆಯಲ್ಲಿ ಉಳಿಯುತ್ತಿರಲಿಲ್ಲ.

ಎರಡರ ಗುಣವನ್ನೂ ಹೀಗೆ ಕಂಡ ಮೇಲೆ ಆರಿಸುವ ಬಗೆಯನ್ನು ನಮಗೆ ತಿಳಿದ ಮಟ್ಟಿಗೆ ಹೇಳುವೆವು.

ಮನೆಯಲ್ಲಿಯೇ ಹಳೆಯ ಮಸೂರವಿದ್ದರೆ ಮೊದಲು ಅದನ್ನು ಪರೀಕ್ಷಿಸಿರಿ. ಕಿಂಡಿಯನ್ನು ಪೂರ್ತಿ ತೆರೆದು, ಹಿಂದುಗಡೆಯಿಂದ ಟಾರ್ಚಿನ ಬೆಳಕು ಬಿಟ್ಟು, ಮುಂದುಗಡೆಯಿಂದ ಸ್ವಲ್ಪ ಓರೆಯಾಗಿ ನೋಡಿರಿ. ಉಸಿರು ಬಿಟ್ಟ ಕನ್ನಡಿಯಂತೆ ಕಂಡರೆ ಅದು ಮಬ್ಬು, ಬಹುಮಟ್ಟಿಗೆ ಶುಚಿಮಾಡಬಹುದು. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು. ಬೇಗನೆ ತೆಗೆಸಬೇಕು, ತಡವಾದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಕಂಡರೆ ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ ಎಂದರ್ಥ. ಅದರ ರಿಪೇರಿ ದುಬಾರಿ. ಬಳೆ ತಿರುಗಿಸುವಾಗ ಕರಕರ ಎಂದರೆ ಒಳಗೆ ಧೂಳು ಸೇರಿದೆ. ಸಂಡೂರು, ಹೊಸಪೇಟೆಯ ಕಡೆಯ ಅದಿರಿನ ಕೆಂಪು ಧೂಳು ಅತಿ ನುಣುಪಾದುದು. ಅದು ಎಲ್ಲಿಯಾದರೂ ನುಸುಳುತ್ತದೆ. ಅಂತಹ ಕಡೆ ರಸ್ತೆಯ ಬದಿಯಲ್ಲಿ ಮಸೂರ ಬದಲಿಸುವ ಅಭ್ಯಾಸವನ್ನು ಬಿಡಬೇಕು.

ದೂರಮಾಪಕದ ಪರೀಕ್ಷೆಯನ್ನು ಮೇಜಿನ ಮೇಲೆಯೇ ಮಾಡಬಹುದು. ವೃತ್ತಪತ್ರಿಕೆಯ ಒಂದು ಹಾಳೆಯನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಮಸಿಯಿಂದ ಗೆರೆ ಎಳೆದು, ಆ ಗೆರೆಗೆ ಬಿಂಬಗಳನ್ನು ಕೂಡಿಸಿ, ಕಿಂಡಿಯನ್ನು ಪೂರ್ತಿ ತೆರೆದು ನಾಲ್ಕೈದು ಚಿತ್ರ ತೆಗೆಯಿರಿ. ಗೆರೆಯ ಸಾಲೇ ನಿಚ್ಚಳವಾಗಿ ಬಂದರೆ ಸರಿ. ಅದರ ಹಿಂದಿನದೋ ಮುಂದಿನದೋ ಬಂದರೆ ಕುಶಲನಾದ ರಿಪೇರಿಯವನ ಕೈಗೆ ಕೊಡಬೇಕು. ರಷ್ಯದ ಜೂಪಿಟರ್ ಮಸೂರಗಳಿಗೆ ಈ ಪರೀಕ್ಷೆ ಅವಶ್ಯ. ಅವುಗಳ ಅಳತೆಯ ಮೂಲ ಕಾಂಟ್ಯಾಕ್ಸಿನದಾದುದರಿಂದ ಲೈಕಾಕ್ಕೆ ಹಾಕಿದಾಗ ಸಮೀಪದಲ್ಲಿ ತಪ್ಪುವುದುಂಟು. ಸೊನಾರ್ ಜಾತಿಯ ಮಸೂರಗಳಲ್ಲಿ, ಹೊಸದಾಗಿ ಮಾಡಿದವುಗಳಲ್ಲಿಯೂ, ಕಿಂಡಿಯನ್ನು ಕಿರಿದು ಮಾಡಿದಂತೆ ನಿಚ್ಚಳದ ಜಾಗ ಹಿಂದಕ್ಕೆ ಸರಿಯುವ ಸ್ವಭಾವವಿದೆ. ಎಫ್ 2, ಎಫ್ 2.8ಗಳಲ್ಲಿಯೂ ಒಂದೊಂದು ಚಿತ್ರ ತೆಗೆದು ನೋಡುವುದು ಒಳ್ಳೆಯದು.

ಪರೀಕ್ಷೆಯಲ್ಲಿ ತೇರ್ಗಡೆಯಾದ ಹಳೆಯ ಮಸೂರವಿದ್ದವರು ಹೊಸದಕ್ಕೆ ಹಣ ವ್ಯಯಿಸಬೇಕಾಗಿಲ್ಲ. ಬಲ್ಬು ಚಿತ್ರದ ಒಳಗೆ ಬಾರದಂತೆ ಕುಳಿತರೆ, ಮಸೂರಕ್ಕೆ ನೆರಳು ಕೊಡುವ ಕೊಳವೆಯನ್ನು ಹಾಕಿದರೆ ಅರ್ಧ ತೊಂದರೆ ಕಳೆಯಿತು. ಮನೆಯಲ್ಲಿ ಏನೂ ಇಲ್ಲದೆ ಹೊಸದಾಗಿ ಕೊಳ್ಳುವವರು, ಅದರಲ್ಲಿಯೂ ನಾಟಕ, ಬಯಲಾಟ, ಜಾತ್ರೆಯ ದೀಪಗಳ ಎದುರಿಗೆ ಚಿತ್ರ ತೆಗೆಯುವವರು, ಈಚಿನ ಮಸೂರವನ್ನೇ ಕೊಳ್ಳುವುದು ಲೇಸು. ದೀಪಗಳು ಚಿತ್ರದೊಳಗೇ ಇರುವಾಗ ಹೊಸ ಲೇಪದ ಉಪಕಾರ ಬಹಳ ದೊಡ್ಡದು. ಲೈಕಾದ ಹೊಸ ವೇಗದ ಮಸೂರಗಳ ಬೆಲೆ ಲಕ್ಷಗಳಲ್ಲಿದೆ; ಕೊಸಿನಾದಂತಹವರ ಎಫ್ 1.5, ಎಫ್ 2 ಮಸೂರಗಳು ಅದರ ಒಂದು ಸಣ್ಣ ಪಾಲಿಗೆ ದೊರೆಯುತ್ತವೆ, ಗೃಹಕೃತ್ಯಕ್ಕೆ ಸಾಕಾಗುತ್ತವೆ. ಹಳೆಯದನ್ನು ಮಾರಾಟಗಾರನಿಂದ ಕೊಳ್ಳುವವರು, ಪರೀಕ್ಷಿಸಿ ಹಿಂದಿರುಗಿಸುವ ಕರಾರು ಇಲ್ಲದೆ ಕೊಳ್ಳಬಾರದು. ಶುಚಿಮಾಡಿಸುವ ವೆಚ್ಚವನ್ನೂ ಬೆಲೆಗೆ ಕೂಡಿಸಿಕೊಂಡು ಲೆಕ್ಕ ಹಾಕಬೇಕು. ಇನ್ನು ರೀಲಿಲ್ಲದ ಡಿಜಿಟಲ್ ರೇಂಜ್‌ಫೈಂಡರ್ ಉಳ್ಳವರಿಗೆ, ಬೆಳಕಿನ ಕೊರತೆಯನ್ನು ಕ್ಯಾಮರಾವೇ ಬಹುಪಾಲು ತುಂಬುವುದು. 400ಕ್ಕೆ ಬದಲಾಗಿ 6400 ವೇಗ ಇಟ್ಟರೆ ಹದಿನಾರು ಪಟ್ಟು ಲಾಭ. ಅವರು ಬೆಳಕಿಗಾಗಿ ಅಲ್ಲ, ಚಿತ್ರದ ಗುಣಕ್ಕಾಗಿ ಮಾತ್ರ ಹಳೆಯದನ್ನೋ ಹೊಸದನ್ನೋ ಆರಿಸಬಹುದು.

ಯಾವುದನ್ನು ಆರಿಸಿದರೂ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿರಿ. ಮಳೆಗಾಲದಲ್ಲಿ ಬೂಷ್ಟು ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಡನೆ ಇಡಿರಿ. ತಿಂಗಳಿಗೊಮ್ಮೆಯಾದರೂ ಹೊರತೆಗೆದು ಉಪಯೋಗಿಸಿರಿ. ಉಪಯೋಗವೇ ಮಸೂರಕ್ಕೆ ಮೇಲಾದ ಔಷಧ.

ನಮ್ಮ ಮಿತ್ರರ ಮನೆಯಲ್ಲಿ ಚರ್ಚೆ ಹೇಗೆ ಮುಗಿಯಿತೆಂದು ವಾಚಕರು ಕೇಳಬಹುದು. ಅವರು ಹೊಸ ಮಸೂರವನ್ನು ಕೊಳ್ಳಲಿಲ್ಲ. ಸುಮ್ಮರಿಟ್ ಮತ್ತೆ ಕ್ಯಾಮರಾಕ್ಕೆ ಸೇರಿದೆ. ಅದನ್ನು ಹಿಡಿಯುವುದನ್ನು ಮೊಮ್ಮಗಳು ಕಲಿಯುತ್ತಿದ್ದಾಳೆ. ಪಡಸಾಲೆಯ ಗೋಡೆಯ ಮೇಲೆ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿವೆ. ಹಾಡುತ್ತಿರುವುದು ಹೊಸ ಮಸೂರದ್ದು, ಕೇಳುತ್ತಿರುವುದು ಹಳೆಯದರದ್ದು. ಯಾವುದು ಯಾವುದರದೆಂದು ಬಂದವರು ಕೇಳುವುದಿಲ್ಲ. ಆ ತಾಯಿಯೂ ಕೇಳಲಿಲ್ಲ. ಹಾಡುವ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಅವತ್ತು ದನಿ ಇತ್ತು” ಎಂದಷ್ಟೇ ಹೇಳಿದರು.

ಹಂಪೆಯ ಕಲ್ಲುಗಳು ನಾಳೆಯೂ ಇರುತ್ತವೆ. ಅವಕ್ಕಾಗಿ ಒಳ್ಳೆಯ ಮಸೂರವನ್ನು ಹುಡುಕುತ್ತ ವರ್ಷಗಟ್ಟಲೆ ಕಾಯಬಹುದು. ಮನೆಯಲ್ಲಿ ಹಾಡುವವರೊಬ್ಬರಿದ್ದರೆ, ಈ ಸಂಜೆ ಕೈಯಲ್ಲಿರುವ ಮಸೂರವನ್ನೇ ಶುಚಿಮಾಡಿ, ದೀಪವನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಅವರ ಎದುರಿಗೆ ಕುಳಿತುಕೊಳ್ಳಿರಿ.